ರೇಸಿನ ದಿನದಿಂದ ಹಿಂದಕ್ಕೆ ಎಣಿಸಿ: ಈಜುಗಾರರ ಒಂದು ಸೀಸನ್ ಯೋಜಿಸುವ ಬಗೆ

2023ರಲ್ಲಿ ಸೀನಿಯರ್ ನ್ಯಾಷನಲ್ಸ್ ಹೈದರಾಬಾದಿನಲ್ಲಿ ನಡೆಯಿತು, ಜುಲೈ ತಿಂಗಳಲ್ಲಿ. 2024ರಲ್ಲಿ ನಮ್ಮ ಮಂಗಳೂರಿನ ಎಮ್ಮೆಕೆರೆ ಕೊಳದಲ್ಲಿ, ಸೆಪ್ಟೆಂಬರಿನಲ್ಲಿ. 2025ರಲ್ಲಿ ಭುವನೇಶ್ವರದಲ್ಲಿ, ಜೂನ್‌ನಲ್ಲಿ. ಒಂದರಿಂದ ಇನ್ನೊಂದಕ್ಕೆ ಒಮ್ಮೆ ಹದಿನಾಲ್ಕು ತಿಂಗಳು, ಮತ್ತೊಮ್ಮೆ ಒಂಬತ್ತೇ ತಿಂಗಳು. ಹೀಗಿರುವಾಗ 52 ವಾರಗಳ ಸಿದ್ಧ ಪ್ಲ್ಯಾನ್ ಎಲ್ಲಿಂದಲೋ ತಂದು ಗೋಡೆಗೆ ಅಂಟಿಸಿದರೆ ಅದು ನಮ್ಮ ಮಕ್ಕಳಿಗೆ ಹೊಂದುವುದಿಲ್ಲ.

ಅದಕ್ಕೇ ಎಷ್ಟೋ ಕಡೆ ಪ್ಲ್ಯಾನ್ ಮಾಡುವುದನ್ನೇ ಬಿಟ್ಟಿದ್ದಾರೆ. ವರ್ಷವಿಡೀ ಗಟ್ಟಿಯಾಗಿ ಈಜಿಸುತ್ತಾರೆ. ಮೀಟ್‌ಗೆ ನಾಲ್ಕು ದಿನ ಇದೆ ಎನ್ನುವಾಗ ಸ್ವಲ್ಪ ಕಡಿಮೆ ಮಾಡುತ್ತಾರೆ. ನಾನೂ ಒಂದು ಕಾಲದಲ್ಲಿ ಹಾಗೇ ಮಾಡಿದ್ದೆ. ಅಭ್ಯಾಸದಲ್ಲಿ ಅದ್ಭುತವಾಗಿ ಈಜುತ್ತಿದ್ದ ಹುಡುಗಿಯೊಬ್ಬಳು ಮೀಟ್‌ನಲ್ಲಿ ಕೊನೆಯ 50 ಮೀಟರ್‌ನಲ್ಲಿ ಕೈ ಎತ್ತಲಾಗದೆ ಬಂದಳು. ಅವಳು ಕಷ್ಟಪಡಲಿಲ್ಲ ಎಂದಲ್ಲ. ಅವಳಿಗೆ ಚೇತರಿಸಿಕೊಳ್ಳಲು ನಾನು ಸಮಯ ಕೊಟ್ಟಿರಲಿಲ್ಲ. ಅಂದಿನಿಂದ ನಾನು ಪ್ಲ್ಯಾನ್ ಬರೆಯುವುದು ಪೆನ್ಸಿಲ್‌ನಲ್ಲಿ, ಮತ್ತು ಕೊನೆಯ ದಿನದಿಂದ ಮೊದಲ ದಿನದ ಕಡೆಗೆ.

ಇಲ್ಲಿ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹದಿನೇಳು ವರ್ಷದ ಹುಡುಗಿ. ದ್ವಿತೀಯ ಪಿಯು. ಮುಖ್ಯ ಸ್ಪರ್ಧೆ 200 ಮೀಟರ್ ಫ್ರೀಸ್ಟೈಲ್. ಈಗಿನ ಬೆಸ್ಟ್ 2:06.8. ಗುರಿ 2:04.0. ನ್ಯಾಷನಲ್ಸ್ ಜೂನ್ ಮೂರನೇ ವಾರದ ಕೊನೆಗೆ ಎಂದು ಅಂದಾಜು. ಈಗ ಜನವರಿ ಮೊದಲ ವಾರ. ಕೈಯಲ್ಲಿ 24 ವಾರಗಳಿವೆ.

1. ಯಾವ ರೇಸ್ ಎಂದು ಮೊದಲು ಒಪ್ಪಿಕೊಳ್ಳಿ

ಕ್ಲಬ್ ಮೀಟ್, ಸ್ಟೇಟ್ ಮೀಟ್, ಶಾಲಾ ಕ್ರೀಡಾಕೂಟ, ಖೇಲೋ ಇಂಡಿಯಾ, ನ್ಯಾಷನಲ್ಸ್. ಎಲ್ಲದರಲ್ಲೂ ಪಿ.ಬಿ. (ಪರ್ಸನಲ್ ಬೆಸ್ಟ್, ಅವಳದೇ ಅತ್ಯುತ್ತಮ ಸಮಯ) ಬರಬೇಕು ಎಂದು ಮನೆಯವರ ಆಸೆ. ಸಹಜವೇ. ಆದರೆ ದೇಹ ಪೂರ್ತಿ ಅರಳುವುದು ವರ್ಷಕ್ಕೆ ಎರಡು ಸಲ, ಹೆಚ್ಚೆಂದರೆ ಮೂರು ಸಲ. ಅವು ತೀರ ಹತ್ತಿರ ಬಂದರೆ ಕಷ್ಟ.

2021 ನೆನಪಿಸಿಕೊಳ್ಳಿ. ಜೂನ್ ಕೊನೆಯಲ್ಲಿ ರೋಮ್‌ನ ಸೆಟ್ಟೆ ಕೊಲ್ಲಿ ಮೀಟ್‌ನಲ್ಲಿ ಸಾಜನ್ ಪ್ರಕಾಶ್ 200 ಬಟರ್‌ಫ್ಲೈಯನ್ನು 1:56.38ರಲ್ಲಿ ಮುಗಿಸಿದರು. ಒಲಿಂಪಿಕ್ ಎ ಕಟ್, ಎಂದರೆ ನೇರ ಅರ್ಹತೆಯ ಸಮಯ, ಇದ್ದದ್ದು 1:56.48. ಎ ಕಟ್ ದಾಟಿದ ಮೊದಲ ಭಾರತೀಯ ಈಜುಗಾರ ಅವರು. ಮರುದಿನ ಅದೇ ಕೊಳದಲ್ಲಿ ಬೆಂಗಳೂರಿನ ಶ್ರೀಹರಿ ನಟರಾಜ್ 100 ಬ್ಯಾಕ್‌ಸ್ಟ್ರೋಕ್‌ನಲ್ಲಿ 53.77 ಈಜಿದರು. ಕಟ್ 53.85. ಇಬ್ಬರೂ ಕೂದಲೆಳೆಯಷ್ಟು ಅಂತರದಲ್ಲಿ ಗೆದ್ದರು. ಅರ್ಹತೆಯ ಗಡುವಿಗೆ ಮೊದಲಿನ ಕೊನೆಯ ಅವಕಾಶ ಅದು. ಒಂದು ತಿಂಗಳ ನಂತರ ಟೋಕಿಯೊದಲ್ಲಿ ಸಾಜನ್ 1:57.22, ಶ್ರೀಹರಿ 54.31. ಇಬ್ಬರದ್ದೂ ರೋಮ್‌ಗಿಂತ ನಿಧಾನ. ಇದರಲ್ಲಿ ಅವರದೇನೂ ಕೊರತೆಯಿಲ್ಲ. ಒಳಗೆ ಹೋಗುವುದಕ್ಕೇ ಎಲ್ಲವನ್ನೂ ಸುರಿಯಬೇಕಾದಾಗ, ನಾಲ್ಕೇ ವಾರದಲ್ಲಿ ಅದನ್ನು ಮತ್ತೆ ತುಂಬಿಸುವುದು ಯಾರಿಗೂ ಸುಲಭವಲ್ಲ ಎಂದು ನನಗೆ ಅನಿಸುತ್ತದೆ.

ಹಾಗಾಗಿ ಡೈರಿಯ ಮೊದಲ ಪುಟದಲ್ಲಿ ಒಂದೇ ರೇಸ್ ಬರೆಯಿರಿ. ಉಳಿದ ಮೀಟ್‌ಗಳ ಪಕ್ಕದಲ್ಲಿ 'ದಣಿದೇ ಈಜುವುದು' ಎಂದು ಬರೆಯಿರಿ. ಸ್ಟೇಟ್ ಮೀಟ್‌ನಲ್ಲಿ ಅರ್ಹತಾ ಸಮಯ ಬೇಕಿದ್ದರೆ ಅದಕ್ಕೆ ಮೂರು ನಾಲ್ಕು ದಿನದ ಚಿಕ್ಕ ವಿಶ್ರಾಂತಿ ಸಾಕು. ಅಪ್ಪ ಅಮ್ಮನನ್ನೂ ಕೂರಿಸಿ ಈ ಪುಟ ತೋರಿಸಿ. ಮೇ ತಿಂಗಳಲ್ಲಿ ಮಗಳು ಎರಡು ಸೆಕೆಂಡ್ ನಿಧಾನವಾದಾಗ ಗಾಬರಿ ಆಗಬಾರದು, ಅಲ್ವಾ?

2. ಗುರಿಯನ್ನು ತುಂಡು ಮಾಡಿ

2:04 ಎನ್ನುವುದು ದೊಡ್ಡ ಅಂಕಿ. ಅದನ್ನು ಹಿಡಿದು ಅಭ್ಯಾಸ ಮಾಡಲಾಗದು. ನಾಲ್ಕು 50 ಮೀಟರ್‌ಗಳಾಗಿ ಒಡೆಯಿರಿ: 29.4, 31.6, 31.9, 31.1. ಕೂಡಿದರೆ 2:04.0. ಈಗ ಅವಳ ಹಳೆಯ ರೇಸಿನ ಸ್ಪ್ಲಿಟ್‌ಗಳನ್ನು, ಎಂದರೆ ಪ್ರತಿ 50ರ ಬಿಡಿ ಸಮಯಗಳನ್ನು, ಪಕ್ಕದಲ್ಲಿಡಿ. ಹೆಚ್ಚಿನ ಮಕ್ಕಳಲ್ಲಿ ಮೂರನೇ 50 ಸೋರುತ್ತದೆ. 33ಕ್ಕೆ ಜಾರಿರುತ್ತದೆ. ಎಂದರೆ ಅವಳಿಗೆ ಬೇಕಿರುವುದು ಜಾಸ್ತಿ ವೇಗವಲ್ಲ, 100 ಮೀಟರ್ ಆದ ಮೇಲೂ ವೇಗ ಉಳಿಸಿಕೊಳ್ಳುವ ಶಕ್ತಿ. ಮೊದಲ 50ಯೇ 30.5 ಇದ್ದರೆ ಕಥೆ ಬೇರೆ. ಆಗ ಸ್ಟಾರ್ಟ್ ಮತ್ತು ನೀರೊಳಗಿನ ಕಿಕ್ ಮೇಲೆ ಕೆಲಸ. ಇಡೀ ಸೀಸನ್ನಿನ ದಿಕ್ಕು ಈ ಒಂದು ಪುಟದಿಂದಲೇ ಗೊತ್ತಾಗುತ್ತದೆ.

ಪ್ರತಿ 50ಕ್ಕೆ ಎಷ್ಟು ಸ್ಟ್ರೋಕ್ ಎಂಬುದನ್ನೂ ಬರೆದಿಡಿ. ಸಮಯ ಅದೇ ಇದ್ದು ಸ್ಟ್ರೋಕ್ ಎರಡು ಕಡಿಮೆಯಾದರೆ ಅದು ನಿಜವಾದ ಪ್ರಗತಿ.

3. ಹಿಂದಕ್ಕೆ ಎಣಿಸಿ

ಜೂನ್ ಮೂರನೇ ವಾರದಿಂದ ಹಿಂದೆ ಬನ್ನಿ. ಕೊನೆಯ 3 ವಾರ ಟೇಪರ್, ಎಂದರೆ ರೇಸಿಗೆ ಮೊದಲು ಈಜುವ ದೂರವನ್ನು ಹಂತಹಂತವಾಗಿ ಇಳಿಸುವುದು. ಅದಕ್ಕೆ ಮೊದಲಿನ 6 ವಾರ ರೇಸ್ ವೇಗದ ಕೆಲಸ. ಅದಕ್ಕೂ ಮೊದಲಿನ 9 ವಾರ ಭಾರದ ಹಂತ. ಉಳಿದ 6 ವಾರ ತಳಪಾಯ. ತಳಪಾಯ ಜನವರಿಯಿಂದ ಫೆಬ್ರುವರಿ ಮಧ್ಯದವರೆಗೆ. ಭಾರ ಏಪ್ರಿಲ್ ಮೂರನೇ ವಾರದವರೆಗೆ. ರೇಸ್ ವೇಗ ಮೇ ಕೊನೆಯವರೆಗೆ.

ಇಲ್ಲಿ ಒಂದು ಡಿಕ್ಕಿ ಕಾಣುತ್ತದೆ. ಮಾರ್ಚ್‌ನಲ್ಲಿ ಪಿಯು ಪರೀಕ್ಷೆ, ಅದು ಭಾರದ ಹಂತದ ನಡುವೆಯೇ ಬೀಳುತ್ತದೆ. ಇದನ್ನು ಮುಚ್ಚಿಟ್ಟುಕೊಂಡು ಪ್ಲ್ಯಾನ್ ಬರೆಯಬೇಡಿ. ಪರೀಕ್ಷೆ ನಡೆಯುವಷ್ಟು ದಿನ ದಿನಕ್ಕೆ ಒಂದೇ ಅವಧಿ, ಒಂದು ಗಂಟೆ, ಅಷ್ಟೇ ಎಂದು ಮೊದಲೇ ಬರೆಯಿರಿ. ಪೂರ್ತಿ ನಿಲ್ಲಿಸಬೇಡಿ. ಫಿಟ್ನೆಸ್ ಇಳಿಯುವುದಕ್ಕಿಂತ ಮೊದಲು ಹೋಗುವುದು ನೀರಿನ ಹಿಡಿತ. ನಾಲ್ಕೈದು ದಿನ ಬಿಟ್ಟರೆ ಸಾಕು, ಅಂಗೈಗೆ ನೀರು ಸಿಗುವುದಿಲ್ಲ ಎಂದು ಮಕ್ಕಳೇ ಹೇಳುತ್ತಾರೆ. ಮೂರು ವಾರ ಭಾರ, ನಾಲ್ಕನೆಯದು ಹಗುರ ಎಂಬ ಲೆಕ್ಕ ಹೇಗಿದ್ದರೂ ಬೇಕು. ಆ ಹಗುರ ವಾರಗಳನ್ನು ಪರೀಕ್ಷೆಯ ಮೇಲೆ ಕೂರಿಸಿ.

ಎಷ್ಟು ಕಿಲೋಮೀಟರ್? 200 ಮೀಟರ್ ಈಜುವ ಈ ವಯಸ್ಸಿನ ಹುಡುಗಿಗೆ ವಾರಕ್ಕೆ 30ರಿಂದ ಶುರು ಮಾಡಿ 50ರ ತನಕ ಏರಬಹುದು. 30, 34, 38, ಆಮೇಲೆ ಹಗುರ ವಾರಕ್ಕೆ 26, ಮತ್ತೆ 38, 42. ಬರೀ 50 ಮೀಟರ್ ಸ್ಪ್ರಿಂಟರ್‌ಗೆ ಇಷ್ಟು ಬೇಡ. 1500 ಈಜುವವರಿಗೆ ಇದು ಸಾಲದು. ಪಕ್ಕದ ಲೇನ್‌ನಲ್ಲಿರುವವರ ಅಂಕಿಯನ್ನು ನಕಲು ಮಾಡಬೇಡಿ.

ಜನವರಿಯ ನೀರಿನ ಬಗ್ಗೆ ಒಂದು ಮಾತು. ಸ್ಪರ್ಧೆಯ ಕೊಳದ ನೀರು 25ರಿಂದ 28 ಡಿಗ್ರಿ ಇರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಬೆಂಗಳೂರಿನಲ್ಲಿ ಚಳಿಗಾಲದ ಬೆಳಗಿನ ಐದೂವರೆಗೆ ಹೀಟರ್ ಇಲ್ಲದ ತೆರೆದ ಕೊಳದಲ್ಲಿ ಅದು ಸಿಗುವುದಿಲ್ಲ. ಮಕ್ಕಳ ತುಟಿ ನೀಲಿಯಾಗುತ್ತದೆ. ಆ ನೀರಿನಲ್ಲಿ ತಾಂತ್ರಿಕ ಡ್ರಿಲ್ ಮಾಡಿಸುತ್ತಾ ನಿಲ್ಲಿಸಬೇಡಿ. ಬೆಳಗ್ಗೆ ಡ್ರೈಲ್ಯಾಂಡ್ (ನೀರಿನ ಹೊರಗಿನ ವ್ಯಾಯಾಮ) ಜಾಸ್ತಿ, ನೀರಿನಲ್ಲಿ ನಿಲ್ಲದೆ ಈಜುವ ಚಿಕ್ಕ ಸೆಟ್. ಡ್ರಿಲ್ ಸಂಜೆಗೆ.

4. ಅವಳದೇ ವೇಗ ಕಂಡುಹಿಡಿಯಿರಿ

'ಗಟ್ಟಿಯಾಗಿ ಈಜು' ಎಂದರೆ ಏನೂ ಹೇಳಿದ ಹಾಗಾಗುವುದಿಲ್ಲ. ನಂಬರ್ ಬೇಕು. ಲ್ಯಾಬ್ ಇಲ್ಲದೆಯೂ ಅದು ಸಿಗುತ್ತದೆ. ಚೆನ್ನಾಗಿ ವಾರ್ಮಪ್ ಮಾಡಿ 400 ಮೀಟರ್ ಪೂರ್ತಿ ಜೋರಾಗಿ ಈಜಲಿ. ಮರುದಿನ 200 ಮೀಟರ್. 400ಕ್ಕೆ 4:26, 200ಕ್ಕೆ 2:08 ಬಂತು ಎನ್ನೋಣ. ಸೆಕೆಂಡಿನಲ್ಲಿ 266 ಮತ್ತು 128. ಕಳೆದರೆ 138. ಇದು 200 ಮೀಟರ್‌ನ ಲೆಕ್ಕ, 100ಕ್ಕೆ 69. ಎಂದರೆ 1:09. ಇದೇ ಅವಳ ಹೊಸ್ತಿಲ ವೇಗ. ಈ ವೇಗದಲ್ಲಿ ಅವಳು ಬಹಳ ಹೊತ್ತು ಈಜಬಲ್ಲಳು. ಇದನ್ನು ದಾಟಿದರೆ ಬೇಗ ಸುಸ್ತಾಗುತ್ತಾಳೆ.

ಭಾರದ ಹಂತದ ಬೆನ್ನೆಲುಬೇ ಈ ನಂಬರ್. ವಾರಕ್ಕೆ ಎರಡು ಸಲ 20 × 100, 1:20ಕ್ಕೊಂದರಂತೆ ಹೊರಟು, ಪ್ರತಿಯೊಂದೂ 1:09. ಮೊದಲ ಐದನ್ನು 1:05ರಲ್ಲಿ ಈಜಿ ಕೊನೆಯ ಐದರಲ್ಲಿ 1:14ಕ್ಕೆ ಬೀಳುವುದು ಶೌರ್ಯವಲ್ಲ. ಇಪ್ಪತ್ತೂ ಒಂದೇ ಸಮ ಬರಬೇಕು. ಪೇಸ್ ಕ್ಲಾಕ್ (ಕೊಳದ ಪಕ್ಕದ ಸೆಕೆಂಡ್ ಗಡಿಯಾರ) ನೋಡುವುದನ್ನು ಅವಳಿಗೇ ಕಲಿಸಿ. ನೀವು ಕೂಗಿ ಹೇಳುವ ಸಮಯಕ್ಕಿಂತ ಅವಳೇ ತಲೆ ಎತ್ತಿ ಓದುವ ಸಮಯ ಚೆನ್ನಾಗಿ ನಾಟುತ್ತದೆ. ನಾಲ್ಕೈದು ವಾರಕ್ಕೊಮ್ಮೆ ಪರೀಕ್ಷೆ ಮತ್ತೆ ಮಾಡಿ.

5. ಒಂದು ವಾರವನ್ನು ಕಟ್ಟಿ

ನೀರಿನಲ್ಲಿ ಒಂಬತ್ತು ಅವಧಿ, ಜಿಮ್‌ನಲ್ಲಿ ಮೂರು. ನಿಯಮ ಒಂದೇ. ಎರಡು ಕಠಿಣ ಅವಧಿಗಳು ಒಂದರ ಹಿಂದೆ ಒಂದು ಬರಬಾರದು.

ನಾನು ಹೀಗೆ ಹಾಕುತ್ತೇನೆ. ಸೋಮವಾರ ಬೆಳಗ್ಗೆ ನಿಧಾನದ ಉದ್ದ ಈಜು ಮತ್ತು ಕಿಕ್, ಸಂಜೆ ಹೊಸ್ತಿಲ ಸೆಟ್. ಮಂಗಳವಾರ ಬೆಳಗ್ಗೆ ಡ್ರಿಲ್ ಮತ್ತು 15 ಮೀಟರ್ ಪೂರ್ಣ ವೇಗ, ಸಂಜೆ ಪುಲ್ ಸೆಟ್ (ಬರೀ ಕೈಯಿಂದ ಈಜುವುದು). ಬುಧವಾರ ಬೆಳಗ್ಗೆ ವಾರದ ಮೊದಲ ದೊಡ್ಡ ಸೆಟ್, ಸಂಜೆ ರಜೆ. ಆ ಸಂಜೆ ನಿಜವಾಗಿಯೂ ರಜೆ, ಟ್ಯೂಷನ್‌ಗೆ ಎರಡು ಗಂಟೆ ಹೆಚ್ಚಿಗೆ ಓಡುವುದಲ್ಲ. ಗುರುವಾರ ಬೆಳಗ್ಗೆ ಹಗುರ, ಸಂಜೆ ರೇಸ್ ವೇಗ. ಶುಕ್ರವಾರ ಒಂದೇ ಅವಧಿ, ಟರ್ನ್ ಮತ್ತು ಸ್ಟಾರ್ಟ್. ಶನಿವಾರ ಬೆಳಗ್ಗೆ ವಾರದ ಅತಿ ಕಠಿಣ ಸೆಟ್. ಭಾನುವಾರ ಕೊಳದ ಕಡೆ ತಲೆ ಹಾಕುವ ಹಾಗಿಲ್ಲ.

ತಳಪಾಯದ ಹಂತದಲ್ಲೂ ವೇಗದ ಚಿಕ್ಕ ಚಿಕ್ಕ ತುಣುಕುಗಳು ಇರಲಿ. ಮೂರು ತಿಂಗಳು ಬರೀ ನಿಧಾನವಾಗಿ ಈಜಿಸಿದರೆ ಸ್ಟ್ರೋಕ್ ಕೂಡ ನಿಧಾನವೇ ಆಗುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಅನೇಕರಿಗೆ ಸಿಗುವುದು 25 ಮೀಟರ್ ಕೊಳ. ಅದರಲ್ಲಿ 200 ಮೀಟರ್ ಈಜಿದರೆ ಏಳು ಟರ್ನ್. 50 ಮೀಟರ್ ಕೊಳದಲ್ಲಿ ಮೂರೇ. ಗೋಡೆ ತಳ್ಳಿ ಸಿಗುವ ವೇಗ, ಉಸಿರಿನ ಬಿಡುವು ಎರಡೂ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಏಪ್ರಿಲ್ ನಂತರ ವಾರಕ್ಕೆ ಒಂದು ಸಲವಾದರೂ, ಬಸ್ ಹತ್ತಿ ಹೋಗಬೇಕಾದರೂ, 50 ಮೀಟರ್ ಕೊಳಕ್ಕೆ ಕರೆದುಕೊಂಡು ಹೋಗಿ. ಶನಿವಾರದ ಸೆಟ್ ಅಲ್ಲೇ ಆಗಲಿ.

6. ಭುಜ, ಊಟ, ರಕ್ತ

ಸ್ವಲ್ಪ ಲೆಕ್ಕ ಮಾಡಿ. ವಾರಕ್ಕೆ 50 ಕಿಲೋಮೀಟರ್ ಎಂದರೆ 50 ಮೀಟರ್‌ನ ಸಾವಿರ ಲ್ಯಾಪ್. ಒಂದಕ್ಕೆ 38 ಸ್ಟ್ರೋಕ್ ಹಿಡಿದರೆ 38,000. ಒಂದೊಂದು ಭುಜಕ್ಕೆ 19,000 ಸುತ್ತು, ಒಂದೇ ವಾರದಲ್ಲಿ! ಜಿಮ್ ಎಂದರೆ ಮೊದಲು ಈ ಭುಜದ ರಕ್ಷಣೆ. ರಬ್ಬರ್ ಬ್ಯಾಂಡ್‌ನಲ್ಲಿ ಭುಜವನ್ನು ಹೊರಕ್ಕೆ ತಿರುಗಿಸುವ ವ್ಯಾಯಾಮ, ರೋಯಿಂಗ್, ಬೆನ್ನಿನ ಮೇಲ್ಭಾಗದ ಕೆಲಸ. ಆಮೇಲೆ ಸ್ಕ್ವಾಟ್, ಪುಲ್ಅಪ್. ಈಜಿದ ಮೇಲೆ ತೋಳು ಭಾರ ಎನಿಸುವುದು ಮಾಮೂಲಿ. ಭುಜದ ಮುಂಭಾಗದಲ್ಲಿ ಚುಚ್ಚುವ ನೋವು, ರಾತ್ರಿ ಆ ಮಗ್ಗುಲಿಗೆ ಮಲಗಲಾಗದ ನೋವು ಮಾಮೂಲಿಯಲ್ಲ. ಅಂದೇ ಅಂಗೈಗೆ ಹಾಕುವ ಪ್ಯಾಡಲ್ ತೆಗೆದಿಡಿ, ಫಿಸಿಯೋ ಬಳಿ ಹೋಗಿ.

ಊಟದ ವಿಷಯದಲ್ಲಿ ನಮ್ಮ ಅಡುಗೆಮನೆ ಸಾಕಷ್ಟು ಶ್ರೀಮಂತ. ಬೆಳಗ್ಗೆ ಐದಕ್ಕೆ ಖಾಲಿ ಹೊಟ್ಟೆಯಲ್ಲಿ ನೀರಿಗಿಳಿಸಬೇಡಿ. ಒಂದು ಬಾಳೆಹಣ್ಣು, ಎರಡು ಖರ್ಜೂರ. ಮುಗಿದ ಅರ್ಧ ಗಂಟೆಯೊಳಗೆ ಹಾಲು, ಇಡ್ಲಿ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ಮಧ್ಯಾಹ್ನ ಮುದ್ದೆ, ಕಾಳಿನ ಸಾರು, ಸೊಪ್ಪು, ಮೊಸರು. ಭಾರದ ವಾರಗಳಲ್ಲಿ ಅನ್ನ, ಚಪಾತಿ ಕಡಿಮೆ ಮಾಡಿ 'ತೆಳ್ಳಗಾಗು' ಎನ್ನುವುದು ದೊಡ್ಡ ತಪ್ಪು.

ಹುಡುಗಿಯರ ಕೋಚ್‌ಗಳು ಮತ್ತು ಅಪ್ಪಂದಿರು ಇದನ್ನು ಸಂಕೋಚವಿಲ್ಲದೆ ಓದಿ. ತಿಂಗಳ ಮುಟ್ಟಿನ ದಿನಾಂಕವೂ ಡೈರಿಯಲ್ಲಿರಬೇಕು, ಅವಳೇ ಬರೆದುಕೊಳ್ಳಲಿ. ಸರಿಯಾಗಿ ಬರುತ್ತಿದ್ದದ್ದು ಎರಡು ಮೂರು ತಿಂಗಳು ನಿಂತರೆ ಅದು 'ಅಥ್ಲೀಟ್‌ಗಳಿಗೆ ಹಾಗೇ' ಎಂದು ಬಿಡುವ ವಿಷಯವಲ್ಲ. ಮಾಡುತ್ತಿರುವ ಕೆಲಸಕ್ಕೆ ತಿನ್ನುತ್ತಿರುವುದು ಸಾಲುತ್ತಿಲ್ಲ ಎಂಬುದರ ಗುರುತು ಅದಾಗಿರಬಹುದು. ಮೂಳೆಗಳಿಗೂ ಅದು ಕೆಟ್ಟದ್ದು. ವೈದ್ಯರ ಬಳಿ ಹೋಗಲೇಬೇಕು. ಭಾರದ ಹಂತಕ್ಕೆ ಮೊದಲು ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವ) ಪರೀಕ್ಷೆಯನ್ನೂ ಮಾಡಿಸಿ. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. 'ಸೋಮಾರಿಯಾಗಿದ್ದಾಳೆ' ಎಂದು ಬೈಸಿಕೊಂಡ ಎಷ್ಟೋ ಹುಡುಗಿಯರಿಗೆ ನಿಜವಾಗಿ ಕೊರತೆಯಿದ್ದದ್ದು ಕಬ್ಬಿಣಾಂಶ.

ಔಷಧಿ ಅಂಗಡಿಯ ಕೆಮ್ಮಿನ ಸಿರಪ್, ಯಾರೋ ಕೊಟ್ಟ ಪುಡಿ, ಜಿಮ್‌ನ ಪ್ರೋಟೀನ್ ಡಬ್ಬ, ಯಾವುದನ್ನೂ ಕೇಳದೆ ತೆಗೆದುಕೊಳ್ಳಬಾರದು. ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಪರೀಕ್ಷೆಯಲ್ಲಿ ದೇಹದಲ್ಲಿ ಏನು ಸಿಕ್ಕರೂ ಹೊಣೆ ಈಜುಗಾರರದ್ದೇ.

7. ಡೈರಿ

ಬೆಳಗ್ಗೆ ಎದ್ದ ಕೂಡಲೇ ನಾಡಿ ಬಡಿತ. ಎಷ್ಟು ಗಂಟೆ ನಿದ್ದೆ. ಮನಸ್ಸು ಹೇಗಿದೆ, ಐದರಲ್ಲಿ ಎಷ್ಟು. ಅಭ್ಯಾಸ ಎಷ್ಟು ಕಷ್ಟವಾಯಿತು, ಹತ್ತರಲ್ಲಿ ಎಷ್ಟು. ಆ ಕೊನೆಯ ಅಂಕಿಯನ್ನು ನಿಮಿಷಗಳಿಂದ ಗುಣಿಸಿ. ಎರಡು ಗಂಟೆ, ಕಷ್ಟ 7 ಎಂದರೆ 840. ವಾರದ ಮೊತ್ತ ಹಾಕಿ. ಕಿಲೋಮೀಟರ್ ಅಷ್ಟೇ ಇದ್ದು ಈ ಮೊತ್ತ ಏರುತ್ತಿದ್ದರೆ ಅವಳು ದಣಿಯುತ್ತಿದ್ದಾಳೆ. ನಾಡಿ ಎರಡು ದಿನ ಸತತವಾಗಿ ಏಳೆಂಟು ಬಡಿತ ಜಾಸ್ತಿ ಇದ್ದು ಮನಸ್ಸೂ ಇಳಿದಿದ್ದರೆ ಅಂದಿನ ಸೆಟ್ ಅರ್ಧ ಮಾಡಿ. ಇದರಿಂದ ಸೀಸನ್ ಹಾಳಾಗುವುದಿಲ್ಲ.

8. ರೇಸ್ ವೇಗದ ಆರು ವಾರ

ಈಗ ಕಿಲೋಮೀಟರ್ 42ರ ಆಸುಪಾಸಿಗೆ ಇಳಿಯುತ್ತದೆ, ಕೆಲಸ ಹರಿತವಾಗುತ್ತದೆ. 16 × 50, ನಿಮಿಷಕ್ಕೊಂದು, ಪ್ರತಿಯೊಂದೂ 31.5. ಎರಡು ಸತತವಾಗಿ ತಪ್ಪಿದರೆ ಸೆಟ್ ನಿಲ್ಲಿಸಿ. ತಪ್ಪು ವೇಗವನ್ನು ದೇಹಕ್ಕೆ ಕಲಿಸುವುದು ಬೇಡ. ಶನಿವಾರ ಬ್ರೋಕನ್ 200: ನಾಲ್ಕು 50, ನಡುವೆ ಹತ್ತೇ ಸೆಕೆಂಡ್ ಬಿಡುವು, ಬಿಡುವು ಕಳೆದು ಮೊತ್ತ 2:03ಕ್ಕಿಂತ ಕೆಳಗೆ ಬರಬೇಕು. ಹಲಗೆಯಿಂದ ಹಾರಿ 4 × 100, ನಡುವೆ ಎಂಟು ನಿಮಿಷ ಬಿಡುವು, ಇದು ಬಹಳ ಸುಡುವ ಸೆಟ್. ವಾರಕ್ಕೊಮ್ಮೆ ಸಾಕು.

ನ್ಯಾಷನಲ್ಸ್‌ನಲ್ಲಿ ಹೀಟ್ಸ್ ಬೆಳಗ್ಗೆ, ಫೈನಲ್ಸ್ ಸಂಜೆ. ಆದ್ದರಿಂದ ವಾರಕ್ಕೆ ಒಂದು ದಿನ ಬೆಳಗ್ಗೆಯೇ ಜೋರಾಗಿ ಈಜಿ, ಮಧ್ಯಾಹ್ನ ಮಲಗಿ, ಸಂಜೆ ಮತ್ತೆ ಜೋರಾಗಿ ಈಜುವ ಅಭ್ಯಾಸ ಇರಲಿ.

9. ಟೇಪರ್: ಕೈ ಕಟ್ಟಿ ನಿಲ್ಲುವ ಧೈರ್ಯ

ಮೂರು ವಾರಗಳಲ್ಲಿ 42 ಕಿಲೋಮೀಟರ್ 34 ಆಗಲಿ, ಆಮೇಲೆ 25, ಕೊನೆಗೆ 17. ವೇಗ ಕಡಿಮೆ ಮಾಡಬೇಡಿ. ಕೊಳಕ್ಕೆ ಬರುವ ದಿನಗಳನ್ನೂ ಹೆಚ್ಚು ಕಡಿಮೆ ಮಾಡಬೇಡಿ. ಇಳಿಯಬೇಕಾದದ್ದು ದೂರ ಮಾತ್ರ. ಜಿಮ್‌ನ ಭಾರೀ ತೂಕ ಹತ್ತು ದಿನ ಮೊದಲೇ ನಿಲ್ಲಲಿ.

2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ಈಜುಗಾರರನ್ನು ಅಧ್ಯಯನ ಮಾಡಿದಾಗ, ಕೊನೆಯ ಮೂರು ವಾರಗಳಲ್ಲಿ ಸರಾಸರಿ ಶೇ. 2.2ರಷ್ಟು ಸುಧಾರಣೆ ಕಂಡಿತ್ತು. ಕೇಳಿದರೆ ಆಸೆಯಾಗುತ್ತದೆ. 2:06.8ರಲ್ಲಿ ಶೇ. 2 ಎಂದರೆ ಎರಡೂವರೆ ಸೆಕೆಂಡ್, ಗುರಿ ಬಹುತೇಕ ಸಿಕ್ಕಿದಂತೆ! ಆದರೆ ಆ ಸುಧಾರಣೆ ಮೂರು ವಾರ ಮೊದಲಿನ ದಣಿದ ಸಮಯಕ್ಕೆ ಹೋಲಿಸಿ ಬಂದದ್ದು, ಹಳೆಯ ಪಿ.ಬಿ.ಗೆ ಹೋಲಿಸಿ ಅಲ್ಲ. ಹಾಗಾಗಿ ಮೇ ಕೊನೆಯಲ್ಲಿ, ದಣಿದಿರುವಾಗಲೇ, ಅವಳು 2:07ರ ಒಳಗೆ ಈಜುತ್ತಿರಬೇಕು. 2:10 ಈಜುತ್ತಿದ್ದರೆ ಟೇಪರ್ ಒಂದೇ ಅವಳನ್ನು 2:04ಕ್ಕೆ ಒಯ್ಯಲಾರದು.

ಮೊದಲ ವಾರ ಮೈ ಭಾರ ಎನಿಸುತ್ತದೆ. ನಿದ್ದೆ ಕೆಡಬಹುದು, ಸಿಡುಕು ಬರಬಹುದು. 'ಫಾರ್ಮ್ ಹೋಯಿತು' ಎಂದು ಅಳುವ ಮಕ್ಕಳಿದ್ದಾರೆ. ಆಗ ಕೋಚ್ ಹೆದರಿ ಒಂದು ದೊಡ್ಡ ಸೆಟ್ ಹಾಕಿಬಿಡುತ್ತಾರೆ. ದಯವಿಟ್ಟು ಬೇಡ. ಈ ವಾರಗಳಲ್ಲಿ ಸ್ಟ್ರೋಕ್ ತಿದ್ದುವುದೂ ಬೇಡ. ಮದುವೆ, ಗೃಹಪ್ರವೇಶ ಅಂತ ಸುಮ್ನೆ ಓಡಾಡಿಸುವುದೂ ಬೇಡ. ರೇಸಿಂಗ್ ಸೂಟ್ ಒಂದು ಸಲ ಹಾಕಿ ಈಜಿ ನೋಡಲಿ. ಅದನ್ನು ಏರಿಸಿಕೊಳ್ಳಲು ಎಷ್ಟು ನಿಮಿಷ ಬೇಕೆಂಬುದು ಗೊತ್ತಿರಬೇಕು. ಊರು ದೂರವಾದರೆ ಮೂರು ದಿನ ಮೊದಲೇ ಅಲ್ಲಿರಿ. ಜೂನ್ ತಿಂಗಳ ಭುವನೇಶ್ವರದಂತಹ ಸೆಕೆಯಲ್ಲಿ ಬೆಂಗಳೂರಿನ ಮಕ್ಕಳು ನೀರು ಕುಡಿಯುವುದನ್ನೇ ಮರೆಯುತ್ತಾರೆ.

10. ದಿನಾಂಕ ಬದಲಾದರೆ?

ಬದಲಾಗುತ್ತದೆ ಎಂದೇ ಇಟ್ಟುಕೊಳ್ಳಿ. ಎರಡು ವಾರ ಮುಂಚೆ ಬಂದರೆ ಭಾರದ ಹಂತದಿಂದ ಕತ್ತರಿಸಿ, ಟೇಪರ್‌ನಿಂದಲ್ಲ. ಎಲ್ಲರೂ ಮಾಡುವ ತಪ್ಪು ಇದರ ಉಲ್ಟಾ. ಎರಡು ವಾರ ಮುಂದೆ ಹೋದರೆ ರೇಸ್ ವೇಗದ ಹಂತದಲ್ಲಿ ಹತ್ತು ದಿನ ಹೊಸ್ತಿಲ ಸೆಟ್‌ಗಳನ್ನು ಮತ್ತೆ ತನ್ನಿ. ಟೇಪರ್ ಆಗಲೇ ಶುರುವಾಗಿದ್ದರೆ ಅದನ್ನು ಐದು ವಾರಕ್ಕೆ ಎಳೆಯಬೇಡಿ. ಒಂದು ವಾರ ದೂರವನ್ನು ಮೇಲೆತ್ತಿ, ಮತ್ತೆ ಇಳಿಸಿ. ಮೂರು ತಿಂಗಳು ಮುಂದೆ ಹೋದರೆ ಈ ಸೀಸನ್ ಮುಗಿಯಿತು ಎಂದು ತಿಳಿಯಿರಿ. ಹತ್ತಿರದ ಒಂದು ಮೀಟ್‌ನಲ್ಲಿ ಈಜಿಸಿ, ಒಂದು ವಾರ ರಜೆ ಕೊಡಿ. ಆಮೇಲೆ ಮೂರು ವಾರ ತಳಪಾಯ, ನಾಲ್ಕು ವಾರ ಭಾರ ಎಂದು ಚಿಕ್ಕದಾಗಿ ಮತ್ತೆ ಎಣಿಸಿ. ಮನಸ್ಸು ಮುರಿದಿರುತ್ತದೆ. ಅದಕ್ಕೇ ಮೊದಲು ರಜೆ.

11. ಮುಗಿದ ಮೇಲೆ

ಎರಡು ವಾರ ಪೂರ್ತಿ ಬಿಡುವು. ಅಜ್ಜಿ ಮನೆಗೆ ಹೋಗಲಿ, ಸೈಕಲ್ ಹೊಡೆಯಲಿ, ಬೆಳಗ್ಗೆ ಎಂಟರವರೆಗೆ ಮಲಗಲಿ. ವಾಪಸ್ ಬಂದ ದಿನ ನೀರಿಗೆ ಇಳಿಸುವ ಮೊದಲು ಅವಳ ಜೊತೆ ಕೊಳದ ಪಕ್ಕದ ಬೆಂಚಿನ ಮೇಲೆ ಕುಳಿತುಕೊಳ್ಳಿ. ಜನವರಿಯಲ್ಲಿ ಬರೆದ ನಾಲ್ಕು ಅಂಕಿಗಳು ಒಂದು ಕಡೆ, ಫೈನಲ್ಸ್‌ನ ನಾಲ್ಕು ಸ್ಪ್ಲಿಟ್‌ಗಳು ಇನ್ನೊಂದು ಕಡೆ. ಮೂರನೇ 50 ಈ ಸಲ ಎಷ್ಟು ಬಂತು, ಯಾಕೆ ಎಂದು ಅವಳೇ ಹೇಳಲಿ. ಅವಳು ಹೇಳಿದ್ದನ್ನು ಹೊಸ ಡೈರಿಯ ಮೊದಲ ಪುಟದಲ್ಲಿ ಬರೆದುಕೊಳ್ಳಿ, ಪೆನ್ಸಿಲ್‌ನಲ್ಲೇ.